ಹಾರಾಟದಲ್ಲಿಯೇ ವಾಯುವಿನಿಂದ ಆಮ್ಲಜನಕ ಸಂಗ್ರಹ: ಮರುಬಳಕೆಯ ಉಡಾವಣಾ ವಾಹನಗಳ ಕುರಿತು ಮಾಹಿತಿ

ಉದ್ದೇಶ
ರಾಕೆಟ್ಟು ಇಂಧನದೊಂದಿಗೆ ಅದನ್ನು ಉರಿಸಲು ಬೇಕಾದ ಆಮ್ಲಜನಕವನ್ನೂ ಹೊತ್ತೊಯ್ಯಬೇಕಾಗುತ್ತದೆ. ದ್ರವ ಜಲಜನಕದ ಎಂಜಿನ್ನುಗಳಲ್ಲಿ ಪ್ರತಿ 1 ಕಿ.ಗ್ರಾಂ ಜಲಜನಕಕ್ಕೆ ಸುಮಾರು 5 ರಿಂದ 6 ಕಿ.ಗ್ರಾಂ ಆಮ್ಲಜನಕ ಬೇಕು. ಈ ಭಾರವನ್ನು ನೆಲದಿಂದಲೇ ಎತ್ತುವ ಬದಲು ಮಾರ್ಗಮಧ್ಯದಲ್ಲಿ ವಾತಾವರಣದಿಂದ ಪಡೆದರೆ ವಾಹನವು ಹಗುರವಾಗಿ ಮೇಲೇರಬಹುದು. ಉಡಾವಣೆಯ ವೆಚ್ಚವೂ ತಗ್ಗಬಹುದು ಎಂಬುದು ಈ ಪರಿಕಲ್ಪನೆಯ ತಿರುಳು.

ವಿಧಾನ
1. ವಾಹನವು ವಿಮಾನದಂತೆ ಹಾರುತ್ತಾ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ.
2. ಮೈನಸ್ 253 ಡಿಗ್ರಿ ಸೆಲ್ಸಿಯಸ್‌ನ ದ್ರವ ಜಲಜನಕದಿಂದ ಆ ಗಾಳಿಯನ್ನು ತಣಿಸಿ ದ್ರವರೂಪಕ್ಕೆ ತರಲಾಗುತ್ತದೆ.
3. ಸಾರಜನಕವು ಮೈನಸ್ 196 ಡಿಗ್ರಿಯಲ್ಲಿಯೂ ಆಮ್ಲಜನಕವು ಮೈನಸ್ 183 ಡಿಗ್ರಿಯಲ್ಲಿಯೂ ಕುದಿಯುವುದರಿಂದ ಅವೆರಡನ್ನೂ ಬೇರ್ಪಡಿಸಲು ಸಾಧ್ಯವಾಗುತ್ತದೆ.
4. ಆಮ್ಲಜನಕವನ್ನು ಸಂಗ್ರಹಿಸಿ, ವಾತಾವರಣವನ್ನು ದಾಟಿದ ನಂತರ ಬಳಸಲಾಗುತ್ತದೆ.

ಆಸ್ಪತ್ರೆಗಳಿಗೆ ದ್ರವ ಆಮ್ಲಜನಕ ಪೂರೈಸುವ ಕಾರ್ಖಾನೆಗಳೂ ಇದೇ ಕುದಿಬಿಂದುಗಳ ವ್ಯತ್ಯಾಸವನ್ನು ಅವಲಂಬಿಸಿವೆ.

ತೊಡಕುಗಳು
ಗಾಳಿಯಲ್ಲಿ ಆಮ್ಲಜನಕದ ಪ್ರಮಾಣವು ಗಾತ್ರದಲ್ಲಿ ಶೇ. 21 ಮಾತ್ರ; ಉಳಿದ ಬಹುಪಾಲನ್ನು ತಣಿಸಿಯೂ ಹೊರಬಿಡಬೇಕು. ಕಾರವಾರ, ಅಂಕೋಲಾದಂತಹ ಕರಾವಳಿಯ ತೇವಭರಿತ ಗಾಳಿಯನ್ನು ತಣಿಸಿದರೆ ನೀರಿನ ಆವಿ ಹೆಪ್ಪುಗಟ್ಟಿ ಶೀತಕದ ಕೊಳವೆಗಳು ಕಟ್ಟಿಕೊಳ್ಳುತ್ತವೆ. ಎತ್ತರದ ಗಾಳಿ ಒಣಗಿದ್ದರೂ ವಿರಳವಾಗಿರುವುದರಿಂದ ಅತಿವೇಗದಲ್ಲಿ ಹಾರಬೇಕು. ವೇಗ ಹೆಚ್ಚಿದಷ್ಟೂ ಒಳಬರುವ ಗಾಳಿ ಬಿಸಿಯಾಗುತ್ತದೆ. ಸಂಗ್ರಹಣಾ ಯಂತ್ರಗಳ ಭಾರವು ಉಳಿಸಿದ ಭಾರವನ್ನು ಮೀರಿದರೆ ಪ್ರಯೋಜನವಿಲ್ಲ.

ಭಾರತದ ಪ್ರಯತ್ನಗಳು
ಹೈದರಾಬಾದಿನ ಭಾರತ್ ಡೈನಾಮಿಕ್ಸ್ ಸಂಸ್ಥೆಯ ಮಾಜಿ ಮುಖ್ಯಸ್ಥರಾದ ಶ್ರೀ ರಾಘವನ್ ಗೋಪಾಲಸ್ವಾಮಿಯವರು 2001ರಲ್ಲಿ ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ 'ಅವತಾರ್' ಎಂಬ ವಾಹನದ ವಿನ್ಯಾಸವನ್ನು ಮಂಡಿಸಿದರು. ಸುಮಾರು 25 ಟನ್ ತೂಕದ ಈ ವಾಹನವು ಸಾಮಾನ್ಯ ವಿಮಾನ ನಿಲ್ದಾಣದಿಂದಲೇ ಮೇಲೇರಿ, ಹಾರಾಟದಲ್ಲಿ ಆಮ್ಲಜನಕ ಸಂಗ್ರಹಿಸಬೇಕಿತ್ತು. ಅದು ವಿನ್ಯಾಸದ ಹಂತವನ್ನು ದಾಟಲಿಲ್ಲ.

ಇಸ್ರೋ ಸಂಸ್ಥೆಯು 28 ಆಗಸ್ಟ್ 2016ರಂದು ಶ್ರೀಹರಿಕೋಟಾದಲ್ಲಿ ಸ್ಕ್ರಾಮ್‌ಜೆಟ್ ಎಂಜಿನ್ನನ್ನು ಪರೀಕ್ಷಿಸಿತು. ಇದು ವಾತಾವರಣದ ಆಮ್ಲಜನಕವನ್ನು ಸಂಗ್ರಹಿಸದೆ, ನೇರವಾಗಿ ಬಳಸುತ್ತದೆ.

ಕರ್ನಾಟಕದಲ್ಲಿ
ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿಯ ವೈಮಾನಿಕ ಪರೀಕ್ಷಾ ವಲಯದಲ್ಲಿ ಇಸ್ರೋದ ರೆಕ್ಕೆಯುಳ್ಳ ಮರುಬಳಕೆಯ ವಾಹನವನ್ನು ವಾಯುಪಡೆಯ ಹೆಲಿಕಾಪ್ಟರ್ 4.5 ಕಿ.ಮೀ. ಎತ್ತರದಿಂದ ಬಿಡುಗಡೆ ಮಾಡಿತು. 2 ಏಪ್ರಿಲ್ 2023, 22 ಮಾರ್ಚ್ 2024 ಹಾಗೂ 23 ಜೂನ್ 2024ರಂದು ನಡೆದ ಮೂರೂ ಪ್ರಯೋಗಗಳಲ್ಲಿ ವಾಹನವು ಸ್ವಯಂಚಾಲಿತವಾಗಿ ಓಡುದಾರಿಗೆ ಇಳಿಯಿತು. ಇವು ಇಳಿಯುವಿಕೆಯ ಪರೀಕ್ಷೆಗಳಾಗಿದ್ದು, ಆಮ್ಲಜನಕ ಸಂಗ್ರಹವು ಇವುಗಳ ಭಾಗವಾಗಿರಲಿಲ್ಲ ಎಂಬುದನ್ನು ಸಾರ್ವಜನಿಕರು ಗಮನಿಸಬೇಕು.