ಊರ್ಗಾಂ: ಗಣಕದ ಪಾಠಾಂತರಗಳು

ಕೋಲಾರದ ಚಿನ್ನದ ಗಣಿ ಪ್ರದೇಶದ ಊರಿಗಾಂ ಒಂದೇ ಊರು. ಬರಹದಲ್ಲಿ ಮಾತ್ರ ಹಲವು. ಕನ್ನಡದಲ್ಲಿ ಊರಿಗಾಂ, ಉರಿಗಾಂ, ಊರ್ಗಾಂ. ಇಂಗ್ಲಿಷಿನಲ್ಲಿ ರೈಲು ನಿಲ್ದಾಣದ ಕಾಗುಣಿತ ಒಂದು, ಹಳೆಯ ಗಣಿ ಕಂಪನಿಯದು ಮತ್ತೊಂದು. ಗ್ರಂಥಸಂಪಾದಕನಿಗೆ ಇವು ಪಾಠಾಂತರಗಳು. ಗಣಕಕ್ಕಾದರೋ ಪರಸ್ಪರ ಸಂಬಂಧವೇ ಇಲ್ಲದ ಪದಗಳು. ಒಂದನ್ನು ಹುಡುಕಿದವನಿಗೆ ಇನ್ನೊಂದು ದೊರೆಯದು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ ಇದಕ್ಕೆಂದೇ ಪುನರ್ನಿರ್ದೇಶನ ಪುಟಗಳ ವ್ಯವಸ್ಥೆಯುಂಟು.

ಊರ್ಗಾಂ ಎಂಬ ರೂಪವನ್ನೇ ನೋಡೋಣ. ಉಚ್ಚಾರಣೆಯಲ್ಲಿ ರೇಫ ಗಕಾರಕ್ಕಿಂತ ಮೊದಲು. ಬರವಣಿಗೆಯಲ್ಲಿ ಅರ್ಕಾವೊತ್ತು ಗಕಾರದ ನಂತರ. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಅಚ್ಚಿನ ಮೊಳೆ ಜೋಡಿಸಿದಂತೆ, ಕಣ್ಣಿಗೆ ಕಾಣುವ ಕ್ರಮದಲ್ಲಿಯೇ ಸಂಕೇತಗಳು ನಿಲ್ಲುತ್ತವೆ. ಯುನಿಕೋಡ್ ಅನುಸರಿಸುವುದು ಉಚ್ಚಾರಣೆಯ ಕ್ರಮವನ್ನು. ಆದುದರಿಂದ ಹಳೆಯ ಕಡತವನ್ನು ಪರಿವರ್ತಿಸುವ ಕೋಡ್ ಪ್ರತಿಯೊಂದು ಅರ್ಕಾವೊತ್ತನ್ನೂ ಎತ್ತಿ ಹಿಂದಕ್ಕಿಡಬೇಕು. ತಪ್ಪಿದರೆ 'ಸ್ವರ್ಣ' ಎಂದು ಹುಡುಕಿದವನಿಗೆ ಕಡತದಲ್ಲಿರುವ ಸ್ವರ್ಣ ಸಿಗದು!

ಇಂಥ ಪರಿವರ್ತಕಗಳನ್ನು ಕನ್ನಡದ ಸ್ವತಂತ್ರ ತಂತ್ರಾಂಶ ಬಳಗದವರು ಬರೆದು, ಯಾರು ಬೇಕಾದರೂ ತಿದ್ದುವಂತೆ ತೆರೆದಿಟ್ಟಿದ್ದಾರೆ. 20 ಸಾವಿರಕ್ಕೂ ಮಿಕ್ಕ ವಚನಗಳನ್ನು ಪದಪದವಾಗಿ ಹುಡುಕಲು ಅನುವು ಮಾಡಿದ 'ವಚನ ಸಂಚಯ'ವೂ ಸಾಮುದಾಯಿಕ ಶ್ರಮದ ಫಲವೇ. ಅಲ್ಲಿ ತಂತ್ರಜ್ಞರೊಡನೆ ಓ.ಎಲ್. ನಾಗಭೂಷಣ ಸ್ವಾಮಿ, ವಸುಧೇಂದ್ರ ಅವರಂಥ ಸಾಹಿತಿಗಳೂ ಕೈಜೋಡಿಸಿದರೆಂಬುದು ನನಗೆ ಮುಖ್ಯವಾಗಿ ಕಾಣುತ್ತದೆ.

ಹಲವರು ಕೂಡಿ ಕೋಡ್ ಬರೆಯುವಾಗ ಬಳಸುವ ಗಿಟ್ ಎಂಬ ಸಾಧನ ರೂಪುಗೊಂಡದ್ದು 2005ರಲ್ಲಿ. ಯಾರು, ಎಂದು, ಯಾವ ಸಾಲನ್ನು ತಿದ್ದಿದರೆಂಬುದು ಅದರಲ್ಲಿ ದಾಖಲಾಗುತ್ತದೆ. ಹಿಂದಿನ ಪಾಠವೂ ಉಳಿಯುತ್ತದೆ. ಹೊರಗಿನವರ ತಿದ್ದುಪಡಿಯನ್ನು ಬಳಗದವರು ಓದಿ ಒಪ್ಪಿದ ಮೇಲೆ ಮೂಲಕ್ಕೆ ಸೇರಿಸುವುದು ವಾಡಿಕೆ. ತಾಳೆಗರಿಯ ಲಿಪಿಕಾರರು ಇಂಥ ದಾಖಲೆ ಬಿಟ್ಟಿದ್ದರೆ ನಮ್ಮ ಸಂಪಾದಕರ ಅರ್ಧ ಆಯುಷ್ಯ ಉಳಿಯುತ್ತಿತ್ತು.

ಹಳಗನ್ನಡ ಬಲ್ಲವರ ಕಣ್ಣು ತಪ್ಪಿದರೆ ಏನಾದೀತೆಂಬುದಕ್ಕೆ ೞಕಾರವೇ ಸಾಕ್ಷಿ. ಯುನಿಕೋಡಿನಲ್ಲಿ ಈ ಅಕ್ಷರಕ್ಕೆ ಬಿದ್ದ ಅಧಿಕೃತ ನಾಮ 'ಫ' ಎಂದು! ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬುದು ಅಲ್ಲಿನ ನಿಯಮ. ಹೀಗಾಗಿ ತಪ್ಪು ಹೆಸರು ಮೂಲದಲ್ಲಿಯೇ ಉಳಿದು, ಸರಿಯಾದುದು ಪರ್ಯಾಯನಾಮವಾಗಿ ಪಕ್ಕಕ್ಕೆ ಸೇರಿತು. ಅಡಿಟಿಪ್ಪಣಿಯಲ್ಲಿ ಶುದ್ಧಪಾಠವೂ ಮೂಲದಲ್ಲಿ ಅಪಪಾಠವೂ ಇರುವ ಇಂಥ ಸಂಪಾದನೆಯನ್ನು ನಮ್ಮಲ್ಲಿ ಯಾರೂ ಒಪ್ಪಲಾರರು.

ಬಳಗದ ಜಾಲತಾಣಕ್ಕೆ ಈ ಬಂಧನವಿಲ್ಲ; ಅಲ್ಲಿ ತಪ್ಪನ್ನು ಮೂಲದಲ್ಲಿಯೇ ತಿದ್ದಬಹುದು. ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ತಮಿಳು, ತೆಲುಗು, ಕನ್ನಡದ ಬಾಯಿಗಳಲ್ಲಿ ಊರಿಗಾಂ ಹೇಗೆಲ್ಲ ನುಡಿಯುತ್ತಿತ್ತೆಂದು ಬಲ್ಲ ಹಿರಿಯರು ಇಂದಿಗೂ ಇದ್ದಾರೆ. ಅವರಿಂದ ಕೇಳಿ ಬರೆದ ಸ್ಥಳನಾಮಗಳ ಪಟ್ಟಿಯೂ ಹುಡುಕಾಟದ ಕೋಡಿಗೆ ಬೇಕಾದ ಸಾಮಗ್ರಿಯೇ. ಅದನ್ನು ಸಿದ್ಧಪಡಿಸಲು ಸಾಹಿತ್ಯದ ವಿದ್ಯಾರ್ಥಿ ಪ್ರೋಗ್ರಾಮಿಂಗ್ ಕಲಿತಿರಬೇಕಾಗಿಲ್ಲ.