ಆಪದ್ಧರ್ಮವೋ, ಧರ್ಮವೋ?

ಆಪತ್ತಿನಲ್ಲಿ ನಡೆದುದಕ್ಕೆ ಆಪತ್ತು ಕಳೆದ ಮೇಲೆ ಬೆಲೆಯುಂಟೇ? ಧರ್ಮಶಾಸ್ತ್ರಕಾರರು ಆಪದ್ಧರ್ಮವೆಂಬ ಒಂದು ಮಾತಿನಿಂದ ಈ ತೊಡಕನ್ನು ಬಿಡಿಸಿಕೊಂಡರು: ಕಷ್ಟಕಾಲಕ್ಕೆ ಕಟ್ಟಳೆ ಸಡಿಲವಾಗಲಿ, ಕಾಲ ತಿಳಿಯಾದೊಡನೆ ಮತ್ತೆ ಬಿಗಿಯಲಿ. ಇಂಥದೇ ತೊಡಕು 1944ರಲ್ಲಿ ಆಂಗ್ಲಿಕನ್ ಕ್ರೈಸ್ತಸಭೆಗೆ ಎದುರಾಯಿತು. ಸ್ತ್ರೀಯು ಗುರುಪಟ್ಟಕ್ಕೆ ಅರ್ಹಳೇ ಎಂಬ ಚರ್ಚೆ ಆ ಸಭೆಯಲ್ಲಿ ಅದುವರೆಗೆ ಬಹುಮಟ್ಟಿಗೆ ಗ್ರಂಥಗಳಲ್ಲಿಯೂ ಸಮಿತಿಗಳಲ್ಲಿಯೂ ನಡೆದಿತ್ತು. ಆ ವರ್ಷ ಅದು ಒಬ್ಬ ಚೀನೀ ಹೆಣ್ಣುಮಗಳ ಬಾಳಿಗೆ ಬಂದಿಳಿಯಿತು.

ಚರ್ಚೆಯೇನೋ ಹಳೆಯದು. ಏಸುಕ್ರಿಸ್ತನು ಆರಿಸಿಕೊಂಡ ಹನ್ನೆರಡು ಮಂದಿ ಅಪೊಸ್ತಲರೂ ಗಂಡಸರೇ. ಸಭೆಯಲ್ಲಿ ಹೆಂಗಸರು ಮೌನವಾಗಿರಬೇಕೆಂದು ಪೌಲನು ಕೊರಿಂಥದವರಿಗೆ ಬರೆದಿದ್ದಾನೆ. ಸಾವಿರದ ಒಂಬೈನೂರು ವರ್ಷಗಳ ಸಂಪ್ರದಾಯ ಅದರ ಬೆನ್ನಿಗಿದೆ ಎಂಬುದು ಒಂದು ಪಕ್ಷ. ಪುನರುತ್ಥಾನದ ವಾರ್ತೆಯನ್ನು ಶಿಷ್ಯರಿಗೆ ಮುಟ್ಟಿಸಿದವಳು ಮಗ್ದಲದ ಮರಿಯಳು. ಕ್ರಿಸ್ತನಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲವೆಂದು ಗಲಾತ್ಯದವರಿಗೆ ಬರೆದವನೂ ಅದೇ ಪೌಲನು ಎಂಬುದು ಇನ್ನೊಂದು ಪಕ್ಷ. ಎರಡಕ್ಕೂ ವಚನಗಳ ಬಲವಿದ್ದುದರಿಂದ ವಾದ ಎಂದಾದರೂ ಮುಗಿಯುವ ಸೂಚನೆಯಿರಲಿಲ್ಲ.

ಲೀ ಟಿಮ್ ಓಯ್ ಹುಟ್ಟಿದುದು 1907ರಲ್ಲಿ, ಹಾಂಗ್‌ಕಾಂಗಿನಲ್ಲಿ. ಗಂಡುಮಗುವಿಗಾಗಿ ಹಂಬಲಿಸುತ್ತಿದ್ದ ಸಮಾಜದಲ್ಲಿ ತಂದೆ ಆಕೆಗೆ ‘ಇನ್ನೊಬ್ಬ ಮುದ್ದಿನ ಮಗಳು’ ಎಂಬರ್ಥದ ಹೆಸರಿಟ್ಟನು. ದೀಕ್ಷಾಸ್ನಾನದಲ್ಲಿ ಫ್ಲಾರೆನ್ಸ್ ನೈಟಿಂಗೇಲಳ ಹೆಸರನ್ನು ಆಕೆ ತಾನೇ ಆರಿಸಿಕೊಂಡಳು. ಕ್ಯಾಂಟನ್ನಿನಲ್ಲಿ ದೇವಶಾಸ್ತ್ರವನ್ನು ಓದಿ, 1941ರ ಮೇ ತಿಂಗಳಲ್ಲಿ ಡೀಕನೆಸ್, ಎಂದರೆ ಸಭಾಸೇವಕಿ, ಆದಳು. ಸೇವೆಗೆ ಕಳುಹಿಸಿದುದು ಪೋರ್ಚುಗೀಸರ ಮಕಾವೊ ಪಟ್ಟಣಕ್ಕೆ.

ಅದೇ ವರ್ಷದ ಕ್ರಿಸ್‌ಮಸ್ ದಿನ ಹಾಂಗ್‌ಕಾಂಗ್ ಜಪಾನೀಯರ ವಶವಾಯಿತು. ಯುದ್ಧದಲ್ಲಿ ತಟಸ್ಥವಾಗಿದ್ದ ಮಕಾವೊಗೆ ನಿರಾಶ್ರಿತರು ಹಿಂಡುಹಿಂಡಾಗಿ ಬಂದರು. ಕರ್ತನ ಭೋಜನದ ಸಂಸ್ಕಾರವನ್ನು ನಡೆಸಲು ಗುರುಪಟ್ಟವಿರಬೇಕು. ಗುರುಗಳು ಅಲ್ಲಿಗೆ ಬರಲು ದಾರಿಯಿರಲಿಲ್ಲ. ಹಸಿವಿನಲ್ಲಿ, ಸಾವಿನ ನಡುವೆ ಇದ್ದ ಆ ಜನಕ್ಕೆ ರೊಟ್ಟಿ ದ್ರಾಕ್ಷಾರಸಗಳ ಸಂಸ್ಕಾರವನ್ನು ಕೊಡುವ ಹೊಣೆ ಅನಿವಾರ್ಯವಾಗಿ ಈ ಸೇವಕಿಯ ಮೇಲೆ ಬಿತ್ತು. ಪಟ್ಟವಿಲ್ಲದೆಯೇ ಆಕೆ ಪಟ್ಟದ ಕೆಲಸವನ್ನು ಮಾಡುತ್ತಿದ್ದಳು. ಇದು ಬಿಷಪ್ ರೊನಾಲ್ಡ್ ಹಾಲ್‌ರ ಮನಸ್ಸನ್ನು ಕೊರೆಯಿತು. ಪಟ್ಟವಿಲ್ಲದವರಿಂದ ಸಂಸ್ಕಾರ ಮಾಡಿಸುವುದು ಕಟ್ಟಳೆಗೆ ಹೆಚ್ಚು ವಿರೋಧವೋ, ಯೋಗ್ಯಳಾದ ಹೆಂಗಸಿಗೆ ಪಟ್ಟ ಕಟ್ಟುವುದು ಹೆಚ್ಚು ವಿರೋಧವೋ? ಆತ ಎರಡನೆಯದನ್ನು ಆರಿಸಿಕೊಂಡರು. ಲೀ ಜಪಾನೀಯರ ಹಿಡಿತದ ಪ್ರದೇಶವನ್ನು ಹಾದು ಗ್ವಾಂಗ್‌ಡಾಂಗ್ ಪ್ರಾಂತದಲ್ಲಿ ಆತನನ್ನು ಸೇರಿದಳು. 1944ರ ಜನವರಿ 25ರಂದು ಗುರುದೀಕ್ಷೆ ನಡೆಯಿತು. ಅದು ಪೌಲನ ಮನಃಪರಿವರ್ತನೆಯ ಹಬ್ಬ! ಸ್ತ್ರೀಯರ ವಿರುದ್ಧ ಸದಾ ಸಾಕ್ಷಿಗೆ ಕರೆಯಲ್ಪಟ್ಟ ಪೌಲನ ಹಬ್ಬದ ದಿನವೇ ಆಂಗ್ಲಿಕನ್ ಸಭೆಯ ಮೊದಲ ಗುರುಮಹಿಳೆ ತಲೆಬಾಗಿ ಪಟ್ಟ ಪಡೆದಳು.

ಹಾಲ್ ಅವರು ಸ್ತ್ರೀಪಕ್ಷದ ಚಳುವಳಿಗಾರರೇನೂ ಆಗಿರಲಿಲ್ಲ. ತಮ್ಮ ಜನಕ್ಕೆ ಸಂಸ್ಕಾರ ತಪ್ಪಬಾರದೆಂಬುದೊಂದೇ ಅವರ ಹಟ. ಆದರೂ ಇದನ್ನು ಬರಿಯ ಆಪದ್ಧರ್ಮವೆಂದು ಅವರು ಎಣಿಸಲಿಲ್ಲ. ಅನ್ಯಜನಾಂಗದ ಕೊರ್ನೇಲ್ಯನ ಮೇಲೆ ಪವಿತ್ರಾತ್ಮವು ಇಳಿದುದನ್ನು ಕಂಡು ಪೇತ್ರನು ಅವನಿಗೆ ದೀಕ್ಷಾಸ್ನಾನ ಮಾಡಿಸಿದಂತೆ, ದೇವರು ಆಗಲೇ ಕೊಟ್ಟಿದ್ದ ವರವನ್ನು ತಾವು ಒಪ್ಪಿಕೊಂಡೆವಷ್ಟೆ ಎಂಬುದು ಅವರ ಭಾವ. ಅಗತ್ಯವು ಅರ್ಹತೆಯನ್ನು ಹುಟ್ಟಿಸಲಿಲ್ಲ, ಹೊರಗೆಡಹಿತು. ಇಡೀ ವಾದದ ತಿರುಳು ಇಲ್ಲಿದೆ.

ಲಂಡನ್ನಿನಲ್ಲಿ ಇದನ್ನು ಯಾರೂ ಸುಲಭವಾಗಿ ಒಪ್ಪುವಂತಿರಲಿಲ್ಲ. ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ವಿಲಿಯಂ ಟೆಂಪಲ್ ಸಮ್ಮತಿ ಕೊಡಲಿಲ್ಲ. ಅವರ ತರುವಾಯ ಬಂದ ಜೆಫ್ರಿ ಫಿಷರ್ ಇನ್ನೂ ಬಿಗಿಯಾಗಿ ನಿಂತರು. ಅವರ ಪಕ್ಷದಲ್ಲಿಯೂ ಹುರುಳಿಲ್ಲದಿಲ್ಲ: ಇಡೀ ಸಭೆಗೆ ಸೇರಿದ ವಿಷಯವನ್ನು ಒಬ್ಬ ಬಿಷಪನು ಒಂಟಿಯಾಗಿ ತೀರ್ಮಾನಿಸಿದರೆ ಸಭೆಯೆಂಬುದು ಉಳಿದೀತೇ? ಆದರೆ ಒತ್ತಡದ ಭಾರ ಬಿದ್ದುದು ಲೀಯ ಮೇಲೆ. ತನ್ನಿಂದ ಬಿಷಪರಿಗೆ ಕುಂದು ಬರಬಾರದೆಂದು ಆಕೆ 1946ರಲ್ಲಿ ಗುರುವಾಗಿ ಸೇವೆ ನಡೆಸುವ ಪರವಾನಗಿಯನ್ನು ಹಿಂದಿರುಗಿಸಿದಳು. ಹಿಂದಿರುಗಿಸಿದುದು ಪರವಾನಗಿಯನ್ನು, ಪಟ್ಟವನ್ನಲ್ಲ. ಈ ಸೂಕ್ಷ್ಮವನ್ನು ಮರೆಯಬಾರದು. ವಿಯಟ್ನಾಮಿನ ಗಡಿಯ ಬಳಿ ಹೆಪು ಎಂಬ ಊರಿನಲ್ಲಿ ಸಭೆಯನ್ನು ನೋಡಿಕೊಂಡು, ಹೆಣ್ಣುಕೂಸುಗಳನ್ನು ಹುಟ್ಟಿದೊಡನೆ ಕೊಲ್ಲುವ ಪದ್ಧತಿಯನ್ನು ತಡೆಯಲು ಹೆರಿಗೆಮನೆಯೊಂದನ್ನು ತೆರೆದಳು.

ದಕ್ಷಿಣ ಚೀನದ ಸಭೆ ಸುಮ್ಮನಾಗಲಿಲ್ಲ. ಇಪ್ಪತ್ತು ವರ್ಷ ಪ್ರಯೋಗ ಮಾಡಿ ನೋಡೋಣವೆಂಬ ಅದರ ಸಲಹೆಯನ್ನು 1948ರ ಲ್ಯಾಂಬೆತ್ ಸಮ್ಮೇಳನ ತಳ್ಳಿಹಾಕಿತು. ಅತ್ತ ಚೀನದಲ್ಲಿ ಕಮ್ಯುನಿಸ್ಟರ ಆಳಿಕೆ ಬಂತು. 1966ರಲ್ಲಿ ಸಾಂಸ್ಕೃತಿಕ ಕ್ರಾಂತಿಯೂ ಬಂತು. ಚರ್ಚುಗಳು ಮುಚ್ಚಿದವು. ಕೋಳಿ ಸಾಕುವುದೂ ಕಾರ್ಖಾನೆಯ ದುಡಿಮೆಯೂ ಲೀಯ ಪಾಲಿಗಾದವು. ತನ್ನ ಗುರುವಸ್ತ್ರಗಳನ್ನು ತಾನೇ ಕತ್ತರಿಯಿಂದ ಕತ್ತರಿಸಬೇಕಾಯಿತು. ಪ್ರಾಣವನ್ನೇ ಕಳೆದುಕೊಳ್ಳೋಣವೆನ್ನಿಸಿದ ದಿನಗಳೂ ಇದ್ದವು. ಪರವಾನಗಿ ಹೋಗಿತ್ತು, ವಸ್ತ್ರ ಹೋಯಿತು, ಸಭೆಯೂ ಹೋಯಿತು. ಉಳಿದುದು ಕೊಟ್ಟ ಮಾತು ಒಂದೇ.

ಆಕೆಗೆ ಸುದ್ದಿಯೂ ತಲಪದಿದ್ದ ಆ ಕಾಲದಲ್ಲಿ ಹೊರಜಗತ್ತು ನಿಧಾನವಾಗಿ ಹೊರಳುತ್ತಿತ್ತು. 1971ರಲ್ಲಿ ಕೀನ್ಯದ ಲಿಮುರುವಿನಲ್ಲಿ ಕೂಡಿದ ಆಂಗ್ಲಿಕನ್ ಸಲಹಾಸಭೆ 24ಕ್ಕೆ 22 ಮತಗಳಿಂದ ದಾರಿ ಬಿಟ್ಟುಕೊಟ್ಟಿತು. ಅದೇ ವರ್ಷದ ನವೆಂಬರಿನಲ್ಲಿ ಜೇನ್ ಹ್ವಾಂಗ್, ಜಾಯ್ಸ್ ಬೆನೆಟ್ ಎಂಬಿಬ್ಬರಿಗೆ ಪಟ್ಟವಾಯಿತು. ಅದು ನಡೆದುದೂ ಹಾಂಗ್‌ಕಾಂಗಿನಲ್ಲಿಯೇ. ಮುಂದೆ 1980ರ ದಶಕದಲ್ಲಿ ಕೆನಡಕ್ಕೆ ಹೋಗಿ ನೆಲೆಸಿದ ಲೀ, ಟೊರಾಂಟೊದಲ್ಲಿ ಮತ್ತೆ ಗುರುವಾಗಿ ಸೇವೆ ಮಾಡಿದಳು. ಆಗ ಯಾರೂ ಆಕೆಗೆ ಹೊಸದಾಗಿ ಪಟ್ಟ ಕಟ್ಟಲಿಲ್ಲ; 1944ರದೇ ಸಾಕಾಯಿತು.

ಆಕೆ ತೀರಿಕೊಂಡುದು 1992ರ ಫೆಬ್ರವರಿಯಲ್ಲಿ. ಅದೇ ನವೆಂಬರಿನಲ್ಲಿ ಇಂಗ್ಲೆಂಡಿನ ಸಭೆ ಸ್ತ್ರೀಯರಿಗೆ ಗುರುದೀಕ್ಷೆಯನ್ನು ಒಪ್ಪಿತು. ಸಾಮಾನ್ಯ ಸದಸ್ಯರ ವಿಭಾಗದಲ್ಲಿ ಎರಡೇ ಮತ ಆಚೆ ವಾಲಿದ್ದರೆ ಅದೂ ಬೀಳುತ್ತಿತ್ತು. ಟೆಂಪಲ್ಲರೂ ಫಿಷರರೂ ಕುಳಿತಿದ್ದ ಕ್ಯಾಂಟರ್ಬರಿಯ ಪೀಠಕ್ಕೆ ಸಾರಾ ಮುಲ್ಲಾಲಿ ಎಂಬ ಮಹಿಳೆಯ ಹೆಸರು 2025ರ ಅಕ್ಟೋಬರಿನಲ್ಲಿ ಪ್ರಕಟವಾಯಿತು. ಹಾಗೆಂದು ವಾದ ಮುಗಿಯಿತೆನ್ನಲಾಗದು. ರೋಮಿನ ಸಭೆ ಇದನ್ನು ಒಪ್ಪಿಲ್ಲ; ಆಂಗ್ಲಿಕನ್ನರಲ್ಲಿಯೇ ಒಪ್ಪದವರು ಬಹಳ ಮಂದಿ ಇದ್ದಾರೆ.

ಆಪದ್ಧರ್ಮವು ಆಪತ್ತಿನೊಡನೆ ಮುಗಿಯುವಂಥದು. ಯುದ್ಧ ಮುಗಿಯಿತು, ಮಕಾವೊವಿನ ದಾರಿ ತೆರೆಯಿತು, ಪರವಾನಗಿಯೂ ಮರಳಿತು. ಆದರೂ ಒಬ್ಬಾಕೆಯ ಮೇಲೆ ಇಟ್ಟ ಕೈಯನ್ನು ಯಾರಿಂದಲೂ ಹಿಂತೆಗೆಯಲಾಗಲಿಲ್ಲ. ಸಭೆಯ ಒಪ್ಪಿಗೆ ಬರುವವರೆಗೆ ಕಾಯುವುದು ಶಿಸ್ತು, ನಿಜ. ಆದರೆ ಆ ಕಾಯುವಿಕೆಯ ಬೆಲೆಯನ್ನು ತೆತ್ತವರು ಸಮ್ಮೇಳನದಲ್ಲಿ ಮತ ಕೊಟ್ಟವರಲ್ಲ ಎಂಬುದನ್ನು ಚರಿತ್ರಕಾರನು ಬರೆದಿಡಬೇಕು.