ಸೂಡಿ ಸೀಮೆಯ ತಪ್ಪಲು ಮತ್ತು ಕಡಲ ಉಪ್ಪು

ಗದಗ ಜಿಲ್ಲೆಯ ಗಜೇಂದ್ರಗಡಕ್ಕೆ ಸಮೀಪದ ಸೂಡಿ 11ನೆಯ ಶತಮಾನದಲ್ಲಿ ಕಿಸುಕಾಡು ಎಪ್ಪತ್ತು ಎಂಬ ಆಡಳಿತ ವಿಭಾಗದ ಮುಖ್ಯ ಪಟ್ಟಣವಾಗಿತ್ತು. ಕಲ್ಯಾಣ ಚಾಲುಕ್ಯ ರಾಜಮನೆತನದ ಅಕ್ಕಾದೇವಿ ಆ ವಿಭಾಗವನ್ನು ಆಳಿದ ಸಂಗತಿಯನ್ನು ಇಲ್ಲಿನ ಶಾಸನಗಳು ಹೇಳುತ್ತವೆ. ಜೋಡುಕಳಸದ ಗುಡಿ ಮತ್ತು ನಾಗಕುಂಡವೆಂಬ ಮೆಟ್ಟಿಲುಗೊಳ ಆ ಕಾಲದ ಸಿರಿಯನ್ನು ಇಂದಿಗೂ ತೋರಿಸುತ್ತವೆ. ಶಾಸನಗಳು ಮುಖ್ಯವಾಗಿ ದತ್ತಿ, ತೆರಿಗೆ, ಅಧಿಕಾರಗಳನ್ನು ಬರೆದಿಡುವುದರಿಂದ, ಹೊಲದಲ್ಲಿ ತಾನಾಗಿ ಹುಟ್ಟಿ ಯಾರ ತೆರಿಗೆಗೂ ಸಿಗದ ಸೊಪ್ಪಿನ ಚರಿತ್ರೆಯನ್ನು ಬೇಸಾಯದ ರೂಢಿಯಲ್ಲಿಯೇ ಹುಡುಕಬೇಕಾಗುತ್ತದೆ.

ರೋಣ, ನರಗುಂದ, ಗಜೇಂದ್ರಗಡಗಳ ಎರೆಭೂಮಿ, ಅಂದರೆ ತೇವವನ್ನು ಬಹುಕಾಲ ಹಿಡಿದಿಡುವ ಕಪ್ಪು ಮಣ್ಣು, ಹಿಂಗಾರಿ ಬಿಳಿಜೋಳಕ್ಕೆ ಹೇಳಿ ಮಾಡಿಸಿದ ನೆಲ. ಜೋಳದ ನಡುವೆ ಕುಸುಬಿ, ಕಡಲೆ, ಅಗಸೆಗಳನ್ನು ಅಕ್ಕಡಿ ಸಾಲುಗಳಾಗಿ ಬಿತ್ತುವ ಪದ್ಧತಿಯಿಂದ ಒಂದೇ ಹೊಲ ರೊಟ್ಟಿಯನ್ನೂ ಬೇಳೆಯನ್ನೂ ಎಣ್ಣೆಯನ್ನೂ ಕೊಡುತ್ತಿತ್ತು. ಇಂದು ಈ ಊಟಕ್ಕೆ ಅನಿವಾರ್ಯವೆನಿಸುವ ಶೇಂಗಾ ಮತ್ತು ಮೆಣಸಿನಕಾಯಿ ಅಮೆರಿಕ ಖಂಡದಿಂದ ಬಂದವು. ಅಕ್ಕಾದೇವಿಯ ಕಾಲದ ಗಂಗಾಳದಲ್ಲಿ ಅವು ಇರಲಾರವು. ಅಗಸೆ, ಗುರೆಳ್ಳು, ಕುಸುಬಿಗಳು ಅವಕ್ಕಿಂತ ಬಹಳ ಹಳೆಯವು.

ಕಡಲೆಗಿಡ ಎಳೆಯದಾಗಿರುವಾಗ ಅದರ ಕುಡಿಯನ್ನು ಚಿವುಟಿ ತರುವ ರೂಢಿ ಎರಡು ರೀತಿಯಲ್ಲಿ ಫಲ ಕೊಡುತ್ತದೆ: ಗಿಡ ಹೆಚ್ಚು ಕವಲೊಡೆಯುತ್ತದೆ, ಮನೆಗೆ ಹುಳಿ ತಪ್ಪಲು, ಅಂದರೆ ಸೊಪ್ಪು, ಸಿಗುತ್ತದೆ. ಎಲೆಯ ಮೇಲಿನ ಸಣ್ಣ ರೋಮಗಳು ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲಗಳನ್ನು ಸ್ರವಿಸುವುದೇ ಆ ಹುಳಿಗೆ ಕಾರಣ. ಈ ತಪ್ಪಲನ್ನು ಒಣಗಿಸಿಟ್ಟುಕೊಂಡು, ಹಸಿ ಸೊಪ್ಪು ಸಿಗದ ಬೇಸಿಗೆಯಲ್ಲಿ ಜೋಳದ ನುಚ್ಚಿನೊಡನೆ ಬೇಯಿಸುತ್ತಾರೆ. ಹಕ್ಕರಕಿಯಾದರೋ ಬಿತ್ತದೆಯೇ ಬರುವ ಸೊಪ್ಪು. ಅದನ್ನು ಬೇಯಿಸದೆ, ಹಸಿಯಾಗಿಯೇ ರೊಟ್ಟಿಯೊಡನೆ ತಿನ್ನಲಾಗುತ್ತದೆ. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನು ಇದ್ದರೂ ಲೈಸಿನ್ ಎಂಬ ಅಮೈನೋ ಆಮ್ಲ ಅದರಲ್ಲಿ ಕಡಿಮೆ, ಆ ಕೊರತೆಯನ್ನು ಬೇಳೆ ತುಂಬುತ್ತದೆ. ಜೋಳದ ಕಬ್ಬಿಣಾಂಶ ಮೈಗೂಡದಂತೆ ತಡೆಯುವ ಫೈಟೇಟ್‌ಗಳ ಪ್ರಭಾವವನ್ನು ಹಸಿ ಸೊಪ್ಪಿನ ಸಿ ಜೀವಸತ್ವ ತಗ್ಗಿಸುತ್ತದೆ. ಅಗಸೆಯ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಒಮೆಗಾ-3 ವರ್ಗದ ಕೊಬ್ಬಿನಾಮ್ಲ. ಪೋಷಣಶಾಸ್ತ್ರ ಹುಟ್ಟುವ ಮೊದಲೇ ಕೂಡಿಬಂದ ಈ ಹೊಂದಾಣಿಕೆ ನಿಜಕ್ಕೂ ಗೌರವಕ್ಕೆ ಅರ್ಹವಾದದ್ದು.

ಆದರೆ ಅಯೋಡಿನ್ ವಿಷಯದಲ್ಲಿ ಈ ಊಟವನ್ನು ನೆಚ್ಚುವಂತಿರಲಿಲ್ಲ, ಏಕೆಂದರೆ ಸೊಪ್ಪು ಕಾಳುಗಳಲ್ಲಿ ಆ ಧಾತು ಎಷ್ಟಿರುತ್ತದೆ ಎಂಬುದು ಮಣ್ಣನ್ನು ಅವಲಂಬಿಸಿರುತ್ತದೆ. ಗಳಗಂಡವನ್ನು, ಅಂದರೆ ಕತ್ತಿನ ಥೈರಾಯ್ಡ್ ಗ್ರಂಥಿಯ ಊತವನ್ನು ತಡೆಯುವ ಈ ಧಾತುವನ್ನು ಫ್ರಾನ್ಸಿನ ಬರ್ನಾರ್ ಕೂರ್ತ್ವಾ 1811ರಲ್ಲಿ ಕಂಡುಹಿಡಿದದ್ದು ಕಡಲ ಪಾಚಿಯ ಬೂದಿಯಲ್ಲಿ. ಜಪಾನ್ ಮತ್ತು ಕೊರಿಯಾದವರು ನಿತ್ಯವೂ ಉಣ್ಣುವ ಕಂದು ಪಾಚಿಗಳು ಸಮುದ್ರದ ನೀರಿನಲ್ಲಿರುವುದಕ್ಕಿಂತ ಸಾವಿರಾರು ಪಟ್ಟು ಹೆಚ್ಚು ಅಯೋಡಿನ್ನನ್ನು ತಮ್ಮೊಳಗೆ ಸಂಗ್ರಹಿಸಿಕೊಳ್ಳುತ್ತವೆ. ಎರೆಸೀಮೆಗೆ ಕಡಲಿನಿಂದ ಬರುತ್ತಿದ್ದದ್ದು ಉಪ್ಪು ಮಾತ್ರ. 19ನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಘಟ್ಟವಿಳಿದು ಕುಮಟೆಯ ಬಂದರಿಗೆ ಹೋಗುತ್ತಿತ್ತು, ಮರಳುವಾಗ ಎತ್ತುಗಳು ಉಪ್ಪು ಹೊತ್ತು ತರುತ್ತಿದ್ದವು. ಒಳನಾಡಿನಲ್ಲಿ ಉಪ್ಪಾರರು ಸವಳು ಮಣ್ಣನ್ನು ತೊಳೆದು ಮಾಡುತ್ತಿದ್ದ ಮಣ್ಣುಪ್ಪನ್ನು ಬ್ರಿಟಿಷ್ ಸರಕಾರ ತನ್ನ ತೆರಿಗೆಯ ಸಲುವಾಗಿ ಹತ್ತಿಕ್ಕಿದಾಗ, ಆ ಕಸುಬಿನವರು ಕಟ್ಟಡದ ಕೆಲಸಕ್ಕೂ ಕೂಲಿಗೂ ಹೊರಳಬೇಕಾಯಿತು. ಇದು ಬಡವರ ಅನ್ನದ ಮೇಲೆಯೇ ನಡೆದ ಅನ್ಯಾಯ. ಆದರೆ ಕಡಲಿನಿಂದ ಬಂದದ್ದಾದರೂ, ಬಿಸಿಲಿನಲ್ಲಿ ಒಣಗಿಸಿದ ಉಪ್ಪಿನಲ್ಲಿ ಅಯೋಡಿನ್ ಉಳಿಯುವುದು ಅತ್ಯಲ್ಪ. 1962ರಲ್ಲಿ ಭಾರತ ಸರಕಾರ ಗಳಗಂಡ ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿದ ಮೇಲೆ ಆ ಧಾತುವನ್ನು ಬೆರೆಸಿದ ಉಪ್ಪು ಕ್ರಮೇಣ ಅಂಗಡಿಗಳಿಗೆ ಬಂದಿತು. ಹೀಗೆ ಹೊರಗಿನಿಂದ ತರಬೇಕಾದದ್ದು ಈಗ ಸುಲಭವಾಗಿ ದೊರೆಯುತ್ತದೆ. ಹೊಲವೇ ಕೊಡುತ್ತಿದ್ದ ಹಕ್ಕರಕಿ ಮಾತ್ರ ಕಳೆನಾಶಕ ಸಿಂಪಡಿಸಿದ ಕಡೆ ಮೇಲೇಳುವುದಿಲ್ಲ.